ಮೊದಲ ಸಾಲಿನ ಹೆಸರು

"ಬಟ್ಟೆ ಒಗೆಯೋ ಲೌಡಿಗೆ ಹೆಸರು ಬೇರೆ ಕೇಡು! ಸಹಿ ಹಾಕಿ ತೊಲಗೇ."

ಯಜಮಾನ ಕಾಗದವನ್ನು ಗಾಜಿನ ಮೇಜಿನ ಮೇಲೆ ಅಕ್ಕನತ್ತ ತಳ್ಳಿದ. ಎಲ್ಲರೂ ತಂತ್ರಾಂಶ ಹಂಚಿಕೊಳ್ಳುವ ಜಾಲತಾಣ ಅವನದು; ಅಲ್ಲಿಗೆ ಯಾರು ಬರೆದದ್ದನ್ನು ಸೇರಿಸಬೇಕು, ಯಾರದನ್ನು ಬಿಸಾಡಬೇಕು ಎಂಬುದು ಅವನ ಮರ್ಜಿ. ಅದಕ್ಕೇ ಎಲ್ಲರ ಬಾಯಲ್ಲೂ ಅವನು ಯಜಮಾನ. ಪಕ್ಕದಲ್ಲಿ, ಅಕ್ಕನ ತಂತ್ರಾಂಶವನ್ನು ಮಾರಹೊರಟ ಕಂಪನಿಯ ವಕೀಲ. ಆರು ಕುರ್ಚಿಗಳಿದ್ದವು. ನಮಗೆ ಯಾರೂ ಕೂರಿ ಎನ್ನಲಿಲ್ಲ.

ಅಕ್ಕ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವವಳು. ಬ್ಲೀಚಿಂಗ್ ನೀರಿಗೆ ಬೆರಳ ತುದಿ ಸುಲಿದು, ಅವಳ ಫೋನಿಗೂ ಅವಳ ಗುರುತು ಸಿಗುವುದಿಲ್ಲ. ಅದೇ ಬೆರಳಲ್ಲಿ ಮೂರು ವರ್ಷ ಕುಟ್ಟಿ, ಪರದೆಯ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶ ಮಾಡಿದಳು. ಅಜ್ಜಿಗೆ ಕಣ್ಣು ಹೋಗಿತ್ತು. ಏಳು ಸಮುದ್ರದಾಚೆಯ ಕಥೆ ಹೇಳಿ ನಮ್ಮನ್ನು ಬೆಳೆಸಿದವಳು ಗೋಡೆಗೆ ಮುಖ ಮಾಡಿ ಕೂತಿದ್ದಳು. ಅವಳಿಗೆಂದು ಬರೆದದ್ದನ್ನು ಅಕ್ಕ ಲೋಕಕ್ಕೆಲ್ಲ ಬಿಟ್ಟುಕೊಟ್ಟಳು. ಜೊತೆಗೊಂದು ಷರತ್ತು: ಬಳಸಿ, ತಿದ್ದಿ, ಬೇಕಾದರೆ ಮಾರಿ; ಪ್ರತಿ ಕಡತದ ಮೊದಲ ಸಾಲಿನಲ್ಲಿರುವ ನನ್ನ ಹೆಸರು ಮಾತ್ರ ತೆಗೆಯಬೇಡಿ. ತೆಗೆದರೆ ಅನುಮತಿ ರದ್ದು.

ನಲವತ್ತೊಂದು ಕಡತ. ನಲವತ್ತೊಂದರಲ್ಲೂ ಈಗ ಯಜಮಾನನ ಹೆಸರು. ಅಕ್ಕ ಬರೀ 'ಸಹಾಯಕಿ', ಅವಳಿಗೆ ಯಾವ ಹಕ್ಕೂ ಇಲ್ಲ ಎನ್ನುತ್ತಿತ್ತು ಕಾಗದ.

"ಅಣ್ಣಾ, ನೀವು ಬರೆದಿದ್ದು ಯಾವ ಸಾಲು? ಒಂದೇ ಒಂದು ತೋರಿಸಿ." ಅಕ್ಕ ಕೇಳಿದಳು.

"ನಾನು ಸೇರಿಸ್ಕೊಳ್ದಿದ್ರೆ ನಿನ್ನ ಗೀಚಾಟಾನ ನಾಯೀನೂ ಮೂಸ್ತಿರ್ಲಿಲ್ಲ. ಹಳೇ ದಾಖಲೆ ಎಲ್ಲಾ ಒರೆಸಿ ಹಾಕಿದೀನಿ. ಸಾಕ್ಷಿ ಯಾರು? ನಿಮ್ಮಜ್ಜೀನಾ?"

"ನೀವು ಸುಣ್ಣ ಬಳ್ದಿದ್ದು ನಿಮ್ಮನೆ ಗೋಡೆಗೆ. ಇಳಿಸ್ಕೊಂಡಿರೋ ಮುನ್ನೂರು ಜನರ ಕಂಪ್ಯೂಟರಲ್ಲಿ ಮೊದಲನೇ ದಿನದಿಂದ ಎಲ್ಲಾ ಹಾಗೇ ಕೂತಿದೆ. ಯಾರು ಬರೆದ್ರು, ಯಾವತ್ತು ಬರೆದ್ರು, ಎಲ್ಲಾ. ಬಕೆಟ್ ಹಿಡ್ಕೊಂಡು ಮನೆಮನೆಗೂ ಹೋಗ್ತೀರಾ?"

ವಕೀಲನ ಪೆನ್ನು ನಿಂತಿತು. "ಹೌದೇನ್ರೀ? ಇದನ್ನ ನೀವು ಹೇಳ್ಲೇ ಇಲ್ಲ."

"ಇವಳ ಪರ ಯಾವನ್ರೀ ಬಾಯಿ ಬಿಡ್ತಾನೆ? ಎಲ್ಲಾ ಕೆಲಸಕ್ಕೋಸ್ಕರ ನನ್ನ ಶಿಫಾರಸಿಗೆ ನಾಲಗೆ ಚಾಚ್ಕೊಂಡಿರೋ ನನ್ಮಕ್ಕಳು." ಯಜಮಾನ ನನ್ನತ್ತ ತಿರುಗಿದ. "ಲೇ ಚಿಕ್ಕವಳೇ, ಕನಸು ಕಂಡಿದ್ದು ಸಾಕು, ನಿಮ್ಮಕ್ಕನಿಗೆ ಬುದ್ಧಿ ಹೇಳು. ಆಸ್ಪತ್ರೆಯವರು ನನಗೆ ಗೊತ್ತು. ನಾಳೆ ಒಗೆಯೋಕೆ ಬಟ್ಟೇನೂ ಸಿಗಲ್ಲ."

ಯಾರೂ ಬಾಯಿ ಬಿಡುವುದಿಲ್ಲ ಎಂದದ್ದು ಸುಳ್ಳಾಗಿರಲಿಲ್ಲ. ಸಾಕ್ಷಿ ಹೇಳಿ ಎಂದು ನಾನು ಕೇಳಿದ ಇಪ್ಪತ್ತು ಮಂದಿಯೂ ಫೋನು ಇಟ್ಟುಬಿಟ್ಟಿದ್ದರು.

ಅಕ್ಕ ನನ್ನ ಚೀಲದಿಂದ ಲ್ಯಾಪ್‌ಟಾಪ್ ಎಳೆದು, ಆ ಕಾಗದದ ಮೇಲೇ ಇಟ್ಟು, ಎರಡು ಸಾಲು ಕುಟ್ಟಿ, ಕೆಳಗೆ ಮೂಲ ಕಡತಗಳ ಪಟ್ಟಿ ಸೇರಿಸಿ, ಬಳಸುವವರೆಲ್ಲ ಓದುವ ಅಂತರ್ಜಾಲ ಪುಟಕ್ಕೆ ಹಾಕಿದಳು.

"ಏನೇ ಅದು?"

"ಓದಿಸ್ತೀನಿ ಅಣ್ಣಾ, ಕೇಳಿ."

ಒಂದು ಕೀಲಿ ಒತ್ತಿದಳು. ತಂತ್ರಾಂಶ ತನ್ನ ಒರಟು ದನಿಯಲ್ಲಿ ಶುರುಮಾಡಿತು. ಬರೆದವಳ ಹೆಸರು ಅಳಿಸಿದ್ದರಿಂದ ಈ ಮನುಷ್ಯನಿಗೂ ಈ ಕಂಪನಿಗೂ ಕೊಟ್ಟ ಅನುಮತಿ ಇಂದಿಗೆ ಮುಗಿಯಿತು. ಕಡತ ಒಂದು, ಬರೆದವಳು, ಆಮೇಲೆ ಅಕ್ಕನ ಪೂರ್ತಿ ಹೆಸರು. ಕಡತ ಎರಡು, ಬರೆದವಳು, ಮತ್ತೆ ಅಕ್ಕನ ಹೆಸರು.

"ನಿಲ್ಸೇ ಅದನ್ನ!"

ಯಜಮಾನ ಲ್ಯಾಪ್‌ಟಾಪ್ ಕಿತ್ತುಕೊಂಡ. ಒಂದು ಕೀಲಿ ಒತ್ತಿದ, ಇನ್ನೊಂದು ಒತ್ತಿದ, ಅಂಗೈಯಿಂದ ಬಡಿದ. ದನಿ ಹನ್ನೊಂದನೆಯ ಕಡತಕ್ಕೆ ಬಂದಿತ್ತು.

ವಕೀಲ ಅವನ ಬೆರಳುಗಳನ್ನೇ ನೋಡುತ್ತಿದ್ದ. "ನೀವೇ ಬರೆದಿದ್ದು ಅಂದ್ರಲ್ರೀ. ನಿಲ್ಸೋದು ಹೇಗೆ ಅಂತ ಗೊತ್ತಿಲ್ವಾ?"

ಅಕ್ಕ ಒಂದು ಕುರ್ಚಿ ಎಳೆದುಕೊಂಡು ಕೂತಳು. ಕಡತ ಹನ್ನೆರಡು.