ಧ್ವನಿ ಸ್ವಂತದ್ದೇ?

ನನ್ನ ಗಂಟಲಿನ ಬಗ್ಗೆ ಯಾರೂ ನನಗೆ ಪಾಠ ಹೇಳಬೇಕಾಗಿಲ್ಲ. ನಾಟಕಕ್ಕಿಷ್ಟು ಎಂದು ದುಡ್ಡು ಮಾತಾಡಿಕೊಂಡು ಇಪ್ಪತ್ತು ವರ್ಷ ಕಂಟ್ರಾಕ್ಟ್ ನಾಟಕ ಮಾಡಿದವಳು ನಾನು. ಕನಕಪುರ ರಸ್ತೆಯ ಆಚೀಚೆ ಯಾವ ಹಳ್ಳಿಯವರು ಪೌರಾಣಿಕ ನಾಟಕ ಕಲಿತರೂ ಹೆಣ್ಣು ಪಾತ್ರಕ್ಕೆ ಜರಗನಹಳ್ಳಿಗೆ ಬಂದು ನನ್ನನ್ನೇ ಕರೆದುಕೊಂಡು ಹೋಗುತ್ತಿದ್ದರು. ಮೈಕು ಕೈಕೊಟ್ಟಾಗ ಕಿರೀಟ ಹೊತ್ತ ಗಂಡಸರು ಬೆವರುತ್ತಾ ನಿಲ್ಲುತ್ತಿದ್ದರು. ನಾನು ಹುಣಸೆಮರದಡಿ ಕೂತ ಕೊನೆಯ ಮುದುಕನಿಗೂ ಕೇಳುವಂತೆ ಅಳುತ್ತಿದ್ದೆ. ಅಂಥ ನಾಗಲಕ್ಷ್ಮಮ್ಮನಿಗೆ ಎಪ್ಪತ್ತೊಂಬತ್ತನೇ ಇಸವಿಯಲ್ಲಿ, ಬಾಯಿ ಆಡಿಸಿದರೆ ಸಾಕು ಎಂದರು.

ನಮ್ಮೂರಿನ ಕಲ್ಲುಕ್ವಾರಿಯಲ್ಲಿ ಮಲಯಾಳಂ ಸಿನಿಮಾ ಒಂದರ ಶೂಟಿಂಗ್ ಆಯಿತು. ಕಲ್ಲು ಬಿದ್ದು ಸತ್ತ ಮಗನ ಮುಂದೆ ಕೂತು ಅಳುವ ತಾಯಿಯ ಪಾತ್ರ ನನಗೆ ಸಿಕ್ಕಿತು. ಭಾಷೆ ಬಾರದು ಎಂದೆ. ಅದಕ್ಕೆ ಕನ್ನಡ ಬಲ್ಲ ಡೈರೆಕ್ಟರ್ ನಕ್ಕ. "ಒನ್, ಟೂ, ತ್ರೀ ಅಂತ ಎಣಿಸ್ತಾ ಅಳಿ ಅಮ್ಮ. ಭಾಷೆ ಬರದವರೆಲ್ಲ ಹಾಗೇ ಮಾಡೋದು. ಮದ್ರಾಸಲ್ಲಿ ಬೇರೆಯವರು ನಿಮ್ಮ ತುಟಿ ನೋಡ್ಕೊಂಡು ಮಾತು ಹೇಳ್ತಾರೆ."

ಹೆಣದ ಮುಂದೆ ಕೂತು ಯಾರಾದರೂ ಮಗ್ಗಿ ಹೇಳುತ್ತಾರೆಯೇ? ನನಗೆ ಮೈ ಉರಿಯಿತು. ಕ್ಯಾಮೆರಾ ಓಡಿದಾಗ ಎಣಿಸಲಿಲ್ಲ, ಕನ್ನಡದಲ್ಲಿ ನನಗೆ ತೋಚಿದ ಮಾತನ್ನೇ ಆಡಿದೆ. ಕ್ವಾರಿಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಡೈರೆಕ್ಟರ್ ಎದ್ದು ಬಂದು ಕೈಮುಗಿದ.

ಮರುವರ್ಷ ಎರ್ನಾಕುಲಂನಿಂದ ಕಾಗದ ಬಂತು. ವರ್ಷಕ್ಕೊಮ್ಮೆ ಮಲಯಾಳಂ ಸಿನಿಮಾಗಳಿಗೆ ಪ್ರಶಸ್ತಿ ಕೊಡುವ ಒಂದು ಸಭೆಯಂತೆ. ಪೋಷಕ ನಟಿ ಪ್ರಶಸ್ತಿಗೆ ನನ್ನ ಹೆಸರು ಕೊನೆಯ ಸುತ್ತಿನಲ್ಲಿದೆ, ವಿಚಾರಿಸಲು ಜನ ಬರುತ್ತಾರೆ ಎಂದು ಬರೆದಿತ್ತು. ನಾನು ಬಾಡಿಗೆಗಿದ್ದ ಮನೆಯ ಯಜಮಾನಿ ಮುನಿಯಕ್ಕ ಆ ಕಾಗದವನ್ನು ಬೀದಿಯವರಿಗೆಲ್ಲ ತೋರಿಸಿ ಬಂದಳು. ಅಷ್ಟು ವರ್ಷ ಆ ಬೀದಿಗೆ ನಾನು ಬರೀ 'ನಾಟಕದೋಳು'. ಒಂದೇ ಒಂದು ಸಲ, ಕಲಾವಿದೆ ಎನ್ನಿಸಿಕೊಳ್ಳಬೇಕು ಎಂಬ ಆಸೆ ನನಗಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಬಹಳ ಇತ್ತು.

ಬಂದವರು ದೇವದಾಸ್. ಜಯನಗರದಲ್ಲೇ ಇದ್ದ ಮಲಯಾಳಿ, ಬ್ಯಾಂಕಿನ ಕೆಲಸ. ಕಾಫಿ ಕುಡಿದು, ಚೀಲದಿಂದ ಫಾರಂ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಒಂದೇ ಪ್ರಶ್ನೆ ಅಮ್ಮ. ಧ್ವನಿ ಸ್ವಂತದ್ದೇ? ಬೇರೆಯವರ ಧ್ವನಿ ಆದ್ರೆ ನಟನೆಗೆ ಪ್ರಶಸ್ತಿ ಕೊಡೋ ಹಾಗಿಲ್ಲ. ಅದು ನಿಯಮ."

"ಅಲ್ಲಿ ಅತ್ತೋಳು ನಾನೇ ಅಲ್ವಾ ಸಾರ್?"

"ಏನಂತ ಅತ್ರಿ, ಸ್ವಲ್ಪ ಹೇಳಿ."

ನಾನು ಕಾಫಿ ಲೋಟ ಪಕ್ಕಕ್ಕಿಟ್ಟು ಅಲ್ಲೇ ನೆಲದ ಮೇಲೆ ಕೂತೆ. "ಏಳೋ ಮಗ, ಹೊತ್ತಾಯ್ತು. ಬುತ್ತಿ ಕಟ್ಟಿದ್ದೀನಿ, ಆರೋಗುತ್ತೆ. ಇಷ್ಟೊತ್ತು ಮಲಗೋನಲ್ವಲ್ಲೋ ನೀನು." ಅಡುಗೆಮನೆ ಬಾಗಿಲಲ್ಲಿದ್ದ ಮುನಿಯಕ್ಕ ಬಿಕ್ಕಿದಳು. ದೇವದಾಸರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಸಿನಿಮಾದಲ್ಲಿ ಈ ಮಾತಿಲ್ಲ ಅಮ್ಮ," ಎಂದರು. "ಅಲ್ಲಿ ತಾಯಿ ದೇವರಿಗೆ ಶಾಪ ಹಾಕ್ತಾಳೆ."

"ನಾನ್ಯಾಕೆ ದೇವರಿಗೆ ಶಾಪ ಹಾಕ್ಲಿ? ಮಗ ಸತ್ತಿದ್ದಾನೆ ಅಂತ್ಲೇ ಅವಳಿನ್ನೂ ಒಪ್ಕೊಂಡಿಲ್ಲ."

"ಇದೇ ಚೆನ್ನಾಗಿದೆ. ಆದ್ರೆ ತೀರ್ಪುಗಾರರು ನೋಡಿರೋದು ಅದು."

"ಹೌದು ಅಂತ ಬರ್ಕೊಳ್ಳಿ ಸಾರ್. ಯಾರು ಬಂದು ಕೇಳ್ತಾರೆ?"

ದೇವದಾಸರು ತಲೆ ತಗ್ಗಿಸಿದರು. "ಆ ಧ್ವನಿ ಕೊಟ್ಟ ಹೆಣ್ಣುಮಗಳು ಮದ್ರಾಸಲ್ಲಿ ಇದ್ದಾಳಮ್ಮ. ಅವಳ ಹೆಸರು ಸಿನಿಮಾದಲ್ಲಿ ಎಲ್ಲೂ ಹಾಕಿಲ್ಲ. ಈಗ ನಾನೂ ಅವಳಿಲ್ಲ ಅಂತ ಬರೀಲಾ?"

ನನ್ನ ಸಿಟ್ಟು ಹಾಗೇ ಇತ್ತು, ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯಲಿಲ್ಲ. ಅವರು 'ಅಲ್ಲ' ಎಂದು ಬರೆದರು. ನಾನು ಕೆಳಗೆ ಸಹಿ ಹಾಕಿದೆ.

ನನಗೆ ಬರಬೇಕಾದದ್ದು ಇನ್ಯಾರಿಗೋ ಹೋಯಿತು. ಉತ್ತಮ ಚಿತ್ರ ಎಂಬ ಪ್ರಶಸ್ತಿ ಮಾತ್ರ ನಮ್ಮ ಸಿನಿಮಾಕ್ಕೇ ಬಂದು, ಆ ಹೆಸರಿನ ಮೇಲೆ ಜಯನಗರದ ಟಾಕೀಸಿನಲ್ಲಿ ಭಾನುವಾರದ ಮಾರ್ನಿಂಗ್ ಶೋ ಹಾಕಿದರು. ನಾನು ಅಲ್ಲಿಯವರೆಗೆ ಅದನ್ನು ನೋಡಿಯೇ ಇರಲಿಲ್ಲ. ಹೋಗುವುದಿಲ್ಲ ಎಂದು ಹಟ ಹಿಡಿದರೂ ಮುನಿಯಕ್ಕ ಬಿಡದೆ ಬಸ್ಸು ಹತ್ತಿಸಿದಳು.

ಟಾಕೀಸಿನ ತುಂಬ ಮಲಯಾಳಿಗಳು. ಪರದೆಯ ಮೇಲೆ ನಾನು ಬಂದೆ. ನನ್ನ ಸೀರೆ, ನನ್ನ ಕೆದರಿದ ಕೂದಲು, ನಾನು ಎದೆ ಬಡಿದುಕೊಂಡ ಕೈ. ಬಾಯಿ ತೆರೆದೆ, ಯಾವುದೋ ಎಳೆಯ ಹುಡುಗಿಯ ಸಣ್ಣ ಧ್ವನಿ ಬಂತು. ಚೆನ್ನಾಗಿಯೇ ಅತ್ತಿದ್ದಳು, ಸುಳ್ಳು ಹೇಳಬಾರದು. ಅದಕ್ಕೇ ಹೊಟ್ಟೆ ಇನ್ನಷ್ಟು ಉರಿಯಿತು. ಸುತ್ತ ಜನ ಮೂಗು ಎಳೆದುಕೊಳ್ಳುತ್ತಿದ್ದರು. ನನ್ನ ಕಷ್ಟಕ್ಕೆ ಅಳುತ್ತಿದ್ದರು, ನಾನು ಅಲ್ಲಿ ಆಡಿದ ಮಾತು ಅವರಿಗೆ ಗೊತ್ತೇ ಇರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಪರದೆಯಲ್ಲಿ ನನ್ನ ತುಟಿ ಅಲ್ಲಾಡಿದ ಹಾಗೆಲ್ಲ ಕ್ವಾರಿಯಲ್ಲಿ ಆಡಿದ್ದ ಮಾತನ್ನೇ ಹೇಳುತ್ತಾ ಹೋದೆ. ಒಂದಕ್ಷರ ಹಿಂದೆ ಮುಂದೆ ಆಗಲಿಲ್ಲ. ಮೊದಲು ಮೆಲ್ಲಗೆ ಹೇಳುತ್ತಿದ್ದೆ, ಆಮೇಲೆ ಗಂಟಲು ನನ್ನ ಮಾತು ಕೇಳಲಿಲ್ಲ. ಮುನಿಯಕ್ಕ ನನ್ನ ಕೈ ಹಿಡಿದು ಎಳೆಯುತ್ತಿದ್ದಳು.

ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಹಿಂದಕ್ಕೆ ತಿರುಗಿದಳು. ಪರದೆಯ ಬೆಳಕು ನೇರ ನನ್ನ ಮುಖದ ಮೇಲಿತ್ತು.

"ಸ್ವಲ್ಪ ಸುಮ್ನಿರ್ತೀರಾ ಅಕ್ಕ?" ಎಂದಳು. "ಪಾಪ, ಆಯಮ್ಮ ಅಳೋದು ಕೇಳಿಸ್ತಾ ಇಲ್ಲ."