ಲಾಕಪ್ಪಿನಲ್ಲಿದ್ದ ದೂರುದಾರ

ಸೌದಾಮಿನಿ ಬಾಡಿಗೆ ಜೀಪಿನಿಂದಿಳಿದಾಗ ಠಾಣೆಯ ಎದುರು ಐವತ್ತು ಅರುವತ್ತು ಜನ ಗುಂಪುಗೂಡಿದ್ದರು. ಕುಂಬಳೆ ಕಡೆಯ ಕನ್ನಡತಿಯಾದ ಅವಳು ತಿರುವನಂತಪುರದಲ್ಲಿ ಸರಕಾರದ ಕಾನೂನು ಅಧಿಕಾರಿ. ಗ್ರಾಮಾಂತರ ಠಾಣೆಗಳ ಸ್ಥಿತಿಗತಿ ನೋಡಿ ವರದಿ ಕೊಡುವ ಕೆಲಸ ಅವಳ ಪಾಲಿಗೆ ಬಂದಿತ್ತು. ಬೆಳಗಿನ ರೈಲಿನಲ್ಲಿ ಕೊಚ್ಚಿ ಹತ್ತಿರದ ಆಲುವಕ್ಕೆ ಬಂದು, ಅಲ್ಲಿಂದ ಹದಿನೆಂಟು ಕಿಲೋಮೀಟರ್ ಒಳಗೆ ಬಂದಿದ್ದಳು.

ಕಡತದಲ್ಲಿ ಈ ಠಾಣೆಗೆ ಇಪ್ಪತ್ತೆಂಟು ಪೊಲೀಸರು. ಕಣ್ಣಿಗೆ ಕಂಡವರು ಇಬ್ಬರೇ: ಬಾಗಿಲಲ್ಲಿ ಒಬ್ಬ ಪಹರೆಯವನು, ಒಳಗೆ ಗ್ರೇಸಿ ಎಂಬ ಪೊಲೀಸ್ ಹೆಂಗಸು.

"ಉಳಿದವರೆಲ್ಲ ಎಲ್ಲಿ?"

"ಕೊಚ್ಚಿಯಲ್ಲಿ ಬಂದೋಬಸ್ತು ಮೇಡಂ. ಕೆಲವರು ಕೋರ್ಟಿಗೆ ಹೋಗಿದ್ದಾರೆ. ಇದ್ದ ಒಂದು ಜೀಪನ್ನೂ ಎಸ್ಸೈ ಒಯ್ದರು," ಎಂದಳು ಗ್ರೇಸಿ ಮಲಯಾಳದಲ್ಲಿ.

ಲಾಕಪ್ಪಿನಲ್ಲಿ ಹಣೆ ಒಡೆದುಕೊಂಡ ಒಬ್ಬ ಕುಳಿತಿದ್ದ. ರಿಜಿಸ್ಟರಿನಲ್ಲಿ ಅವನ ಹೆಸರಿರಲಿಲ್ಲ.

"ಯಾವ ಕೇಸಿನಲ್ಲಿ ಹಿಡಿದದ್ದು?"

"ಕೇಸೇ ಇಲ್ಲ ಮೇಡಂ. ಮನೆಮನೆ ಇಣುಕುತ್ತಿದ್ದ ಎಂದು ಊರವರು ಹೊಡೆದು ತಂದರು. ಹೋದ ತಿಂಗಳು ಇಲ್ಲಿ ಮೂರು ಮನೆಗೆ ಕಳ್ಳರು ನುಗ್ಗಿದ್ದರು. ಹೊರಗೆ ಬಿಟ್ಟರೆ ಇವನನ್ನು ಉಳಿಸುವುದಿಲ್ಲ. ಬಾಗಿಲಿಗೆ ಬೀಗವಿರುವ ಕೋಣೆ ಇದೊಂದೇ."

ದಾಖಲೆಯಿಲ್ಲದೆ ಒಬ್ಬನನ್ನು ಕೂಡಿಹಾಕುವುದು ಅಪರಾಧ. ಇಂಥದ್ದನ್ನು ಹಿಡಿಯಲೆಂದೇ ಸೌದಾಮಿನಿ ಬಂದದ್ದು. ಆದರೆ ಹೊರಗಿನ ಗದ್ದಲ ಕೇಳಿದರೆ ಬೀಗ ತೆಗೆಯಿರಿ ಎನ್ನಲು ಬಾಯಿ ಬರಲಿಲ್ಲ.

"ಯವ್ವಾ, ಒಂದೀಟು ನೀರು..." ಅಂದ ಒಳಗಿದ್ದವನು.

ಅವಳು ಬೆಚ್ಚಿದಳು. "ನೀವು ಕನ್ನಡದವರಾ? ಎಲ್ಲಿಂದ ಬಂದದ್ದು?"

ಅವನ ಹೆಸರು ದುರುಗಪ್ಪ. ರಾಯಚೂರು ಕಡೆಯವನು, ಇಲ್ಲಿ ಪ್ಲೈವುಡ್ ಕಾರ್ಖಾನೆಯಲ್ಲಿ ಕೂಲಿ. "ನಾ ಕಳ್ಳ ಅಲ್ರೀ ಯವ್ವಾ. ನನ್ನ ತಮ್ಮ ಕಳದು ಮೂರು ದಿನ ಆತು. ಕೊಚ್ಚಿ ಠಾಣ್ಯಾಗ ಕೇಳಿದ್ರ ಇದು ಹಳ್ಳಿ ಕಡೀ ಕೇಸು ಅಂದ್ರು. ಇಲ್ಲಿ ಬಂದು ಹೇಳಿದ್ರ ನನ್ನ ಮಾತು ಯಾರಿಗೂ ತಿಳೀಲಿಲ್ಲ. ಅದಕ್ಕ ನಾನ ಫೋಟೋ ತೋರ್ಸಿ ಮನಿಮನಿ ಕೇಳ್ಕೋತ ಹೊಂಟಿದ್ದೆ."

ದೂರು ಕೊಡಬಂದವನೇ ಕಳ್ಳನಾಗಿದ್ದ. ಸೌದಾಮಿನಿ ಅದನ್ನು ಮಲಯಾಳದಲ್ಲಿ ಹೇಳಿದಾಗ ಗ್ರೇಸಿಯ ಮುಖ ಬಾಡಿತು. "ನಿನ್ನೆ ಬಂದು ಏನೋ ಹೇಳಿದ. ನಾಳೆ ಬಾ ಎಂದು ಕೈಸನ್ನೆ ಮಾಡಿದವಳು ನಾನೇ," ಎಂದಳು.

ದುರುಗಪ್ಪನ ಫೋನು ಹಿಡಿದುಕೊಂಡು ಇಬ್ಬರೂ ಹೊರಗೆ ಬಂದರು. ಸೌದಾಮಿನಿ ಮಲಯಾಳದಲ್ಲಿ ವಿಷಯ ತಿಳಿಸಿದಳು. ಮುಂದೆ ನಿಂತಿದ್ದ ಪ್ರಮೋದ್ ಎಂಬವನು ದನಿಯೇರಿಸಿದ. "ನನ್ನ ಮನೆ ಬಾಗಿಲು ಮುರಿದಾಗ ಫೋನ್ ಮಾಡಿದೆ. ಪೊಲೀಸರು ಮರುದಿನ ಬಂದರು. ನಾವೇ ಹಿಡಿದರೆ ಅದೂ ತಪ್ಪಾ ಮೇಡಂ?"

ಹೊಡೆದದ್ದು ತಪ್ಪು ಎಂದಳು. ಫೋನಿನಲ್ಲಿದ್ದ ತಮ್ಮನ ಫೋಟೋವನ್ನು ಎಲ್ಲರೆದುರು ಹಿಡಿದಳು.

ಅದನ್ನು ನೋಡಿದ ಹೆಂಗಸೊಬ್ಬಳು, "ಅಯ್ಯೋ, ಇವನಲ್ಲವಾ! ಸೋಮವಾರ ಸೇತುವೆಯ ತಿರುವಿನಲ್ಲಿ ಲಾರಿ ಬಡಿದು ಬಿದ್ದಿದ್ದ. ಆಂಬುಲೆನ್ಸಿನಲ್ಲಿ ಸಾಗಿಸಿದರು," ಎಂದಳು.

ಸೇತುವೆಯ ಆಚೆ ಬೇರೆ ಠಾಣೆ. ಅಪಘಾತದ ಸುದ್ದಿ ಅಲ್ಲಿಗೆ ಹೋಗಿತ್ತು, ಈಚೆ ಬಂದಿರಲಿಲ್ಲ. ಗ್ರೇಸಿ ಹತ್ತು ಕಡೆ ಫೋನ್ ಮಾಡಿದಳು. ದುರುಗಪ್ಪನ ತಮ್ಮ ಆಸ್ಪತ್ರೆಯೊಂದರಲ್ಲಿ ತೊಡೆ ಮುರಿದುಕೊಂಡು, ಅರೆಪ್ರಜ್ಞೆಯಲ್ಲಿ, ಹೆಸರು ಗೊತ್ತಿಲ್ಲದ ರೋಗಿಯಾಗಿ ಮಲಗಿದ್ದ. ಜೀವಕ್ಕೆ ಅಪಾಯವಿರಲಿಲ್ಲ. ದುರುಗಪ್ಪನನ್ನು ತನ್ನ ಕಾರಿನಲ್ಲಿ ಅಲ್ಲಿಗೆ ಕರೆದೊಯ್ದವನು ಪ್ರಮೋದನೇ. ತನ್ನ ಹಣೆ ಒಡೆದವನೂ ಅವನೇ ಎಂದು ದುರುಗಪ್ಪ ಹೊರಡುವ ಮುಂಚೆ ಸೌದಾಮಿನಿಗೆ ಹೇಳಿದ. ಕೇಸು ಮಾತ್ರ ಬೇಡವೆಂದ.

ತಿರುವನಂತಪುರಕ್ಕೆ ಮರಳಿ ಅವಳು ನಡೆದದ್ದನ್ನೆಲ್ಲ ಬರೆದಳು: ದಾಖಲೆಯಿಲ್ಲದ ಬಂಧನ, ಅದರಿಂದ ಉಳಿದ ಜೀವ, ಹಿಂದಿನ ದಿನದ ಕೈಸನ್ನೆ, ಇಲ್ಲದ ಇಪ್ಪತ್ತಾರು ಮಂದಿ. ಮೇಲಧಿಕಾರಿ ಜೋಸೆಫ್ ಓದಿ ತಲೆಯೆತ್ತಿದರು. "ಆ ಗ್ರೇಸಿಗೆ ಶಿಕ್ಷೆ ಕೊಡಬೇಕು ಅಂತೀರೋ, ಬಹುಮಾನವೋ?"

"ನನಗೂ ಗೊತ್ತಾಗುತ್ತಿಲ್ಲ ಸರ್."

ಎರಡು ವಾರದ ಮೇಲೆ ಗ್ರೇಸಿಯ ಫೋನ್ ಬಂತು. ಠಾಣೆಗೆ ಹೊಸದಾಗಿ ಮೂವರು ಬಂದಿದ್ದಾರಂತೆ. ಅವಳ ಕೈಗೆ ದಾಖಲೆಯಿಲ್ಲದ ಬಂಧನಕ್ಕೆ ಕಾರಣ ಕೇಳುವ ನೋಟಿಸೂ ಬಂದಿದೆಯಂತೆ. "ಏನು ಉತ್ತರ ಬರೆಯಲಿ ಮೇಡಂ?" ಎಂದು ಕೇಳಿದಳು.

ಸೌದಾಮಿನಿ ಪೆನ್ನು ಹಿಡಿದು ಕೂತಳು. ಮೊದಲ ಸಾಲಿನಲ್ಲಿ ಕೈಸನ್ನೆಯನ್ನು ಬರೆಯುವುದಾ, ಬೀಗವನ್ನಾ ಎಂದು ಗ್ರೇಸಿಯನ್ನೇ ಕೇಳಿದಳು.