ನೂರಾ ಹನ್ನೆರಡನೇ ಪುಟದ ಸೊನ್ನೆ

ಐದನೇ ಸೆಮಿಸ್ಟರಿಗೆ ಸಾಮಾಜಿಕ ಸಂಶೋಧನಾ ವಿಧಾನಗಳು ಎಂಬ ಹೊಸ ಪತ್ರಿಕೆ ಬಂದಾಗ, ಪಠ್ಯ ಆರಿಸುವ ಕೆಲಸವನ್ನು ವಿಭಾಗದ ಮುಖ್ಯಸ್ಥರಾದ ಸತ್ಯಪ್ಪನವರು ನನ್ನ ತಲೆಗೆ ಕಟ್ಟಿದರು. ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಹದಿನಾಲ್ಕು ವರ್ಷಗಳಿಂದ ಅತಿಥಿ ಉಪನ್ಯಾಸಕ. ಇಷ್ಟು ವರ್ಷ ಕೂತ ಅತಿಥಿಯನ್ನು ಯಾವ ಮನೆಯವರೂ ಸಹಿಸಲಾರರು; ಇವರು ಸಹಿಸಿದ್ದಾರೆ.

ಮೇಜಿನ ಮೇಲೆ ಮೂರು ಪುಸ್ತಕಗಳಿದ್ದವು. ಒಂದು ಇಂಗ್ಲಿಷಿನದು, ತಲೆದಿಂಬಿನಷ್ಟು ದಪ್ಪ. ನಮ್ಮ ಹುಡುಗರು ಅದನ್ನು ಆ ಕೆಲಸಕ್ಕೇ ಬಳಸುತ್ತಿದ್ದರು. ಎರಡನೆಯದು ಪ್ರಶ್ನೋತ್ತರಗಳ ಗೈಡು. ಮೂರನೆಯದನ್ನು ನನ್ನ ಗುರು ಸಿದ್ಧಾರೂಢ ಸರ್ ಹದಿನೆಂಟು ವರ್ಷಗಳ ಹಿಂದೆ ಕನ್ನಡದಲ್ಲಿ ಬರೆದಿದ್ದರು. ಅದರ ಮುನ್ನುಡಿಯ ಕೊನೆಯಲ್ಲಿ, ಮನೋಳಿಯ ಸಮೀಕ್ಷೆ ಮಾಡಿದವನು ನನ್ನ ವಿದ್ಯಾರ್ಥಿ ಗುರುನಾಥ ಎಂಬ ಒಂದು ಸಾಲಿದೆ. ಆ ಗುರುನಾಥ ನಾನು. ನನ್ನ ಮದುವೆಯ ಲಗ್ನಪತ್ರಿಕೆ ಬಿಟ್ಟರೆ ನನ್ನ ಹೆಸರು ಅಚ್ಚಾಗಿರುವುದು ಅಲ್ಲೊಂದೇ ಕಡೆ. ಹೆತ್ತವರಿಗೆ ಹೆಗ್ಗಣ ಮುದ್ದು. ಆರಿಸುವ ಮೊದಲೇ ಆರಿಸಿಬಿಟ್ಟಿದ್ದೆ.

ಆದರೆ ವಿದ್ಯಾರ್ಥಿಗಳ ಅಭಿಪ್ರಾಯವನ್ನೂ ಪಡೆಯಲಾಗಿದೆ ಎಂದು ವರದಿಯಲ್ಲಿ ಬರೆಯಬೇಕಿತ್ತು. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುವ ಹಿನಾಕೌಸರಳಿಗೆ ಮೂರನ್ನೂ ಕೊಟ್ಟೆ. ಮನೋಳಿಯ ಹುಡುಗಿ, ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ದಿನಾ ಬರುತ್ತಾಳೆ. ತನ್ನೂರಿನ ಹೆಸರು ನೋಡಿ ಖುಷಿಪಡುತ್ತಾಳೆಂಬುದು ನನ್ನ ಲೆಕ್ಕಾಚಾರವಾಗಿತ್ತು.

ಒಂದು ವಾರದ ನಂತರ ಬಂದಳು. ಇಂಗ್ಲಿಷಿನದು ತಲೆಗೆ ಹೋಗಲಿಲ್ಲ, ಗೈಡು ಓದಿದರೆ ಪಾಸಾಗಬಹುದು, ಮೂರನೆಯದು ಚೆನ್ನಾಗಿ ತಿಳಿಯುತ್ತದೆ ಎಂದಳು. ನಾನು ನಗುವಷ್ಟರಲ್ಲಿ ನೂರಾ ಹನ್ನೆರಡನೇ ಪುಟ ತೆಗೆದಳು. ಹೊಳೆ ದಾರಿಯ ಓಣಿಯ ಇಪ್ಪತ್ತೆರಡು ಮನೆಗಳ ಕೋಷ್ಟಕ. ಓದುಬರಹ ಬಲ್ಲ ಹೆಂಗಸರು: ಸೊನ್ನೆ.

"ಇದು ನಮ್ಮ ಓಣಿರಿ ಸರ್. ನಮ್ಮ ದಾದಿ, ಅಂದ್ರ ನಮ್ಮಪ್ಪನ ಅವ್ವ, ಈ ಪುಸ್ತಕಕ್ಕಿಂತ ಮೊದಲಿಂದನ ಓಣ್ಯಾಗಿನ ಹುಡುಗ್ಯಾರಿಗೆ ಉರ್ದು ಓದಾಕ, ಬರ್ಯಾಕ ಕಲಸ್ತಾರ. ಈ ಸೊನ್ನಿ ಎಲ್ಲಿಂದ ಬಂತ್ರಿ?"

ನನಗೆ ಸಿಟ್ಟು ಬಂತು. ಗುರುಗಳ ಪುಸ್ತಕದಲ್ಲಿ ತಪ್ಪು ಹುಡುಕುವಷ್ಟು ದೊಡ್ಡವಳಾದೆಯಾ ಎಂದು ಗದರಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ. ನನ್ನ ಮಾತು ನಂಬಬೇಡಿ, ಬಂದು ದಾದಿಯನ್ನೇ ಕೇಳಿ ಎಂದಳು ಅವಳು. ಮುನ್ನುಡಿ ಯಾರು ಓದುತ್ತಾರೆ? ಅವಳೂ ಓದಿರಲಿಲ್ಲ; ಆ ಸೊನ್ನೆ ಯಾರದೆಂದು ಅವಳಿಗೆ ಗೊತ್ತಿರಲಿಲ್ಲ.

ಭಾನುವಾರ ಮನೋಳಿಗೆ ಹೋದೆ. ಹಿನಾಕೌಸರಳ ಮನೆ ಕಂಡೊಡನೆ ಗುರುತು ಹತ್ತಿತು. ಅದೇ ಕಟ್ಟೆ. ಸಮೀಕ್ಷೆಗೆ ಬಂದ ದಿನ ಮಲ್ಲಿಕಸಾಬ ಎಂಬ ಹಿರಿಯರು ನನ್ನನ್ನು ಅಲ್ಲಿ ಕೂರಿಸಿ, ಓಣಿಯ ಗಂಡಸರನ್ನೆಲ್ಲ ಕರೆಸಿದ್ದರು. ಪರಸ್ಥಳದ ಹುಡುಗ ಮನೆಮನೆಯ ಹೆಂಗಸರನ್ನು ಮಾತಾಡಿಸುವುದು ಸರಿಯಲ್ಲವೆಂದು ಅವರಿಗೂ ಅನಿಸಿತ್ತು, ನನಗೂ ಅನಿಸಿತ್ತು. ಹೆಂಗಸರು ಸಾಲಿ ಕಲಿತಿದ್ದಾರೆಯೇ ಎಂದು ಕೇಳಿದೆ. ಇಲ್ಲ ಎಂದರು. ಸುಳ್ಳಲ್ಲ, ಯಾರೂ ಸಾಲೆಗೆ ಹೋಗಿರಲಿಲ್ಲ. ಒಂದೇ ತಾಸಿನಲ್ಲಿ ಇಪ್ಪತ್ತೆರಡು ಮನೆ ಮುಗಿಸಿ, ಮಧ್ಯಾಹ್ನದ ಬಸ್ಸು ಹಿಡಿದಿದ್ದೆ. ಯಾರ ವಿಷಯವೋ ಅವರನ್ನೇ ಕೇಳಬೇಕು ಎಂದು ಅದೇ ಪುಸ್ತಕದ ಐದನೇ ಅಧ್ಯಾಯದಲ್ಲಿದೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಮಲ್ಲಿಕಸಾಬರು ಈಗಿಲ್ಲ. ಅವರ ಹೆಂಡತಿ ಅನ್ವರಬಿ, ಹಿನಾಳ ದಾದಿ, ಬಾಗಿಲಲ್ಲಿ ಕೂತು ಕನ್ನಡಕ ಹಾಕಿಕೊಂಡು ಉರ್ದು ಪತ್ರವೊಂದನ್ನು ಓದುತ್ತಿದ್ದರು. ತಲೆ ಬೋಳಾದ ನನ್ನ ಗುರುತು ಅವರಿಗೆ ಹತ್ತಲಿಲ್ಲ. ಮೊಮ್ಮಗಳು ಸೊನ್ನೆಯ ವಿಷಯ ತಿಳಿಸಿದಳು. ಅವರು ಸಿಟ್ಟಾಗಲಿಲ್ಲ.

"ಒಬ್ಬ ಹುಡುಗ ಬಂದಿದ್ದ್ರಿ, ಬರ್ಕೊಂಡು ಹೋಗಾಕ. ಅಂವಗ ಎರಡ ಸಲ ಚಾ ಮಾಡಿ ಕಳಸೇನಿ. ಇಲ್ಲೇ ಬಾಗಲ ಹಿಂದ ನಿಂತಿದ್ದೆ. ಕೇಳಿದ್ರ ಹೇಳತಿದ್ದೆ. ಕೇಳಲಿಲ್ಲ, ಹ್ವಾದ."

ಆ ಹುಡುಗ ನಾನೇ ಎನ್ನಲು ಬಾಯಿ ಬರಲಿಲ್ಲ. ನಾಚಿಕೆಯಾಯಿತು. ಈ ಸಲವೂ ಅವರು ಚಹಾ ಕೊಟ್ಟರು, ಕುಡಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಗೈಡೇ ವಾಸಿ ಎಂದುಕೊಂಡೆ. ಗೈಡು ಆರಿಸಿದರೆ ಸೊನ್ನೆಯೂ ಮುಚ್ಚಿಹೋಗುತ್ತದೆ, ಗುರುನಾಥನೂ ಮುಚ್ಚಿಹೋಗುತ್ತಾನೆ. ಸೋಮವಾರ ಅದನ್ನೇ ಬರೆಯಲು ಕೂತಾಗ ಹಿನಾಕೌಸರ ಉಳಿದೆರಡು ಪುಸ್ತಕ ಹಿಂದಿರುಗಿಸಲು ಬಂದಳು. ಗೈಡನ್ನು ಇಡೋಣವೆಂದಿದ್ದೇನೆ ಎಂದೆ.

"ಬ್ಯಾಡ್ರಿ ಸರ್, ದೊಡ್ಡ ಸರ್ ಬರೆದಿದ್ದ ಇರ್ಲಿ. ಅದರಾಗ ತಪ್ಪು ಎಲ್ಲೈತಿ ಅಂತ ನಮಗ ಗೊತ್ತೈತಿ. ಉಳದಿದ್ದರಾಗ ಎಲ್ಲೈತೋ ಏನೋ."

ಅವಳ ಮಾತನ್ನೇ ಬರೆದು ಸತ್ಯಪ್ಪನವರಿಗೆ ಕೊಟ್ಟೆ. ಅವರು ಓದದೆ ಸಹಿ ಹಾಕಿದರು.

ಮೊದಲ ತರಗತಿಯಲ್ಲಿ ಮುನ್ನುಡಿ ತೆಗೆಯಲು ಹೇಳಿದೆ. ಆ ಸಾಲನ್ನು ಯಾರಾದರೂ ಗಟ್ಟಿಯಾಗಿ ಓದಲಿ ಎಂದು ಹದಿನೆಂಟು ವರ್ಷ ಆಸೆಪಟ್ಟಿದ್ದೆ. ಹಿನಾಕೌಸರಳನ್ನು ಎಬ್ಬಿಸಿದೆ. ಅವಳು ಓದುತ್ತಾ ಬಂದು, ಕೊನೆಯ ಹೆಸರಿನ ಹತ್ತಿರ ನಿಂತಳು. ತಲೆ ಎತ್ತಿ ನನ್ನ ಮುಖ ನೋಡಿದಳು.

"ಹೌದು, ನಾನ" ಎಂದೆ. "ಈಗ ನೂರಾ ಹನ್ನೆರಡನೇ ಪುಟ ತಗೀರಿ."